ನಾಲ್ಕುನಾಡು ಅರಮನೆ ಮತ್ತು ಚಿಕವೀರರಾಜೇಂದ್ರನ ಉತ್ತರ ಜೀವನ
ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ‘ಚಿಕವೀರ ರಾಜೇಂದ್ರ’ (೧೯೫೬) ಕಾದಂಬರಿಯನ್ನು ಓದಿ ಕೊಡಗಿನ ಕಕ್ಕಬ್ಬೆಯ ಸಮೀಪದ ನಾಲ್ಕುನಾಡು ಅರಮನೆಗೆ ಭೇಟಿ ನೀಡುವವರು ಅದನ್ನು ಒಂದು ರಾಜವಂಶದ ಅವಸಾನದ ಸಾಕ್ಷಿಯಾಗಿಯೇ ಕಾಣುತ್ತಾರೆ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ಈ ಕಟ್ಟಡವನ್ನು ದೊಡ್ಡವೀರರಾಜೇಂದ್ರನು ೧೭೯೨ರ ಸುಮಾರಿಗೆ ಕಟ್ಟಿಸಿದನು. ಅವನ ತಮ್ಮ ಲಿಂಗರಾಜನ ಮಗನಾದ ಚಿಕವೀರರಾಜೇಂದ್ರನು ೧೮೨೦ರಲ್ಲಿ ಪಟ್ಟವೇರಿದನು. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಕೊಡಗನ್ನು ಪ್ರವೇಶಿಸಿದಾಗ ಅವನು ನೆಲೆ ನಿಂತುದು ಇಲ್ಲಿಯೇ. ಇಲ್ಲಿಂದ ಹೊರಟು ಶರಣಾಗತನಾದನು.

ಅರಮನೆಯೊಡನೆ ಅರಸನ ನಂಟು ಅಲ್ಲಿಗೆ ಕಡಿದರೂ ಅವನ ಬದುಕು ಮತ್ತೆ ೨೫ ವರ್ಷ ಸಾಗಿತು. ಕಾಶಿಯಲ್ಲಿ ಗಡಿಪಾರಿನ ಕಾಲವನ್ನು ಕಳೆದ ಅವನು ೧೮೫೨ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ತೆರಳಿದನು. ಅದೇ ವರ್ಷ ಗೌರಮ್ಮ ಕ್ರೈಸ್ತದೀಕ್ಷೆ ಪಡೆದಳು. ರಾಣಿ ವಿಕ್ಟೋರಿಯಾ ಅವಳ ಧರ್ಮಮಾತೆಯಾದಳು. ದೊಡ್ಡಪ್ಪನು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣಕ್ಕಾಗಿ ಅರಸನು ಅದೇ ಕಂಪನಿಯ ವಿರುದ್ಧ ಲಂಡನ್ನಿನಲ್ಲಿ ದಾವೆ ಹೂಡಿದನು. ೧೮೫೯ರಲ್ಲಿ ಅಲ್ಲಿಯೇ ತೀರಿಕೊಂಡನು, ದಾವೆಯೂ ಫಲಿಸಲಿಲ್ಲ.

ಅವನ ಕ್ರೌರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಕುರಿತ ಹಲವು ವರದಿಗಳನ್ನು ಬರೆದವರು ಅವನ ರಾಜ್ಯವನ್ನು ವಶಪಡಿಸಿಕೊಂಡ ಕಂಪನಿಯವರೇ. ಪ್ರಜೆಗಳ ಹಿತಕ್ಕಾಗಿ ರಾಜ್ಯವನ್ನು ತೆಗೆದುಕೊಂಡೆವೆಂದವರು ಅರಸನ ಮನೆತನದ ಹಣವನ್ನೂ ಹಿಂದಿರುಗಿಸಲಿಲ್ಲವೆಂಬುದು ಅವನ ಉತ್ತರ ಜೀವನದಿಂದಲೇ ವಿದಿತವಾಗುತ್ತದೆ.