ಪರೇಲಿನ ಲೂಸಿ ವಿಲ್ಸ್

ಪರೇಲ್ ಅಂದಕೂಡಲೆ ಮುಂಬಯಿಯ ನಮಗೆಲ್ಲ ನೆನಪಾಗೋದು ಹತ್ತಿ ಗಿರಣಿಗಳು. ನನಗೆ ಅವುಗಳ ಜೊತೆಗೇ ಲೂಸಿ ವಿಲ್ಸ್ ಎಂಬ ಡಾಕ್ಟರರೂ ನೆನಪಾಗುತ್ತಾರೆ.

ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದರು. ಪದವಿ ಮಾತ್ರ ಸಿಗಲಿಲ್ಲ. ಆ ವಿಶ್ವವಿದ್ಯಾನಿಲಯ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದೇ 1948ರಲ್ಲಿ! ಆಮೇಲೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ 1920ರಲ್ಲಿ ಡಾಕ್ಟರಾದರು.

1928ರಲ್ಲಿ ಮುಂಬಯಿಗೆ ಬಂದು ಪರೇಲಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸಕ್ಕೆ ಕೂತರು. ಗಿರಣಿಯಲ್ಲಿ ದುಡಿಯುವ ಬಡ ಬಸುರಿಯರಿಗೆ ಆಗ ವಿಪರೀತ ರಕ್ತಹೀನತೆ. ಕೆಂಪು ರಕ್ತಕಣಗಳು ಗಾತ್ರದಲ್ಲಿ ದೊಡ್ಡವು, ಲೆಕ್ಕದಲ್ಲಿ ಕಡಿಮೆ. ಯಾವುದಾದರೂ ಸೋಂಕು ಇರಬಹುದೇ ಎಂದು ಹುಡುಕಿದರು, ಸಿಗಲಿಲ್ಲ. ಆಗ ಈ ಹೆಂಗಸರು ಏನು ಉಣ್ಣುತ್ತಾರೆ ಅಂತ ವಿಚಾರಿಸಿದರು. ಹಣ್ಣು-ತರಕಾರಿ, ಸಸಾರಜನಕ ಕಡಿಮೆ ಇದ್ದ ಮನೆಗಳಲ್ಲೇ ಕಾಯಿಲೆ ಹೆಚ್ಚು!

ಅದೇ ಊಟವನ್ನು ಇಲಿಗಳಿಗೆ ಹಾಕಿದರು. ಅವಕ್ಕೂ ರಕ್ತ ಇಳಿಯಿತು. ಯೀಸ್ಟ್ ಸೇರಿಸಿದರೆ ಇಳಿಯುತ್ತಿರಲಿಲ್ಲ. (ಆ ಇಲಿಗಳಿಗೆ ಹೇನಿನಿಂದ ಬರುವ ಸೋಂಕೂ ಇತ್ತೆಂದು ಮುಂದೆ ಗೊತ್ತಾಯಿತು. ಆದರೂ ಹಿಡಿದ ಜಾಡು ಸರಿಯಾಗಿತ್ತು.) ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಕಪ್ಪು ಲೇಹ್ಯವನ್ನು ಬಸುರಿಯರಿಗೆ ತಿನ್ನಿಸಿದರು. ಅಗ್ಗದ ಪದಾರ್ಥ, ಆದರೆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು.

ಆ ಕಾಲಕ್ಕೆ ಇಂಥದ್ದೇ ಇನ್ನೊಂದು ರಕ್ತಹೀನತೆಗೆ ಲಿವರ್ ಸಾರ ಕೊಡುತ್ತಿದ್ದರು. ಚೆನ್ನಾಗಿ ಶುದ್ಧಮಾಡಿದ ಲಿವರ್ ಸಾರ ಈ ಬಸುರಿಯರಿಗೆ ನಾಟಲಿಲ್ಲ. ಕಚ್ಚಾ ಸಾರ ನಾಟಿತು. ಅಂದರೆ ಇಲ್ಲಿರೋದು ಬೇರೆಯೇ ವಸ್ತು. ಅದಕ್ಕೆ ವಿಲ್ಸ್ ಅಂಶ ಎಂದೇ ಹೆಸರು ಬಿತ್ತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಫೋಲಿಕ್ ಆಮ್ಲ ಇದೇ. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ಲೆಡರ್ಲೆ ಸಂಸ್ಥೆಯಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ಮುಖ್ಯಸ್ಥರಾಗಿದ್ದರು.

ವಿಲ್ಸ್ ತೀರಿಕೊಂಡದ್ದು 1964ರಲ್ಲಿ. ಗರ್ಭ ಕಟ್ಟುವ ಮೊದಲೇ ಫೋಲಿಕ್ ಆಮ್ಲ ತಿಂದರೆ ಮಗುವಿನ ಬೆನ್ನುಹುರಿಯ ಊನ ಬಹುಮಟ್ಟಿಗೆ ತಪ್ಪುತ್ತದೆಂದು 1991ರಲ್ಲಿ ಸಾಬೀತಾಯಿತು. ಬಾಯಿಂದ ಉಣ್ಣಲಾಗದವರಿಗೆ ರಕ್ತನಾಳದ ಮೂಲಕ ಕೊಡುವ ಆಹಾರದಲ್ಲೂ ಇದನ್ನು ಸೇರಿಸುತ್ತಾರೆ.

ವಿಲ್ಸ್ ಹೆಸರಾದರೂ ಉಳಿಯಿತು. ಪರೀಕ್ಷೆಗೆ ರಕ್ತ ಕೊಟ್ಟು, ಗೊತ್ತುಗುರಿಯಿಲ್ಲದ ಆ ಲೇಹ್ಯ ನುಂಗಿದ ಗಿರಣಿ ಹೆಂಗಸರಲ್ಲಿ ಒಬ್ಬರ ಹೆಸರೂ ನನಗೆ ಎಲ್ಲೂ ಸಿಕ್ಕಿಲ್ಲ. ಈ ಶೋಧದಲ್ಲಿ ಅವರದೂ ಪಾಲಿದೆ ಅಂತಲೇ ನಾನು ಇಷ್ಟು ಬರೆದೆ.