ಮಠದ ತೋಟದಲ್ಲಿ ಬಟಾಣಿ ಎಣಿಸಿದ ಗುರು

ಪದವಿಪೂರ್ವ ದ್ವಿತೀಯ ವರ್ಷದಲ್ಲಿ ಜೀವಶಾಸ್ತ್ರ ಓದುವ ನಮ್ಮ ಮಕ್ಕಳು ಅನುವಂಶೀಯತೆಯ ಪಾಠಕ್ಕೆ ಬಂದೊಡನೆ ಎದುರಾಗುವ ಹೆಸರು ಗ್ರೆಗೋರ್ ಮೆಂಡೆಲ್. ಇವರು ಸಂತ ಆಗಸ್ತೀನರ ಸಭೆಗೆ ಸೇರಿದ ಕಥೋಲಿಕ ಗುರುಗಳು. ನಿಸರ್ಗಶಾಸ್ತ್ರವನ್ನು ಶಾಲೆಯಲ್ಲಿ ಕಲಿಸಲು ಬೇಕಾಗಿದ್ದ ಅರ್ಹತಾ ಪರೀಕ್ಷೆಯಲ್ಲಿ ಇವರು ಎಂದೂ ತೇರ್ಗಡೆಯಾಗಲಿಲ್ಲವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ, ಇಂದು ಚೆಕ್ ಗಣರಾಜ್ಯದಲ್ಲಿರುವ ಹೈನ್ಜೆಂಡಾರ್ಫ್ ಎಂಬ ಹಳ್ಳಿಯಲ್ಲಿ 1822ರ ಜುಲೈ ತಿಂಗಳಲ್ಲಿ ಅವರು ಜನಿಸಿದರು. ಜ್ಞಾನಸ್ನಾನದ ಹೆಸರು ಯೊಹಾನ್. ತಂದೆ ಆಂಟನ್ ಬಡ ರೈತರು. ತಮ್ಮ ಹೊಲದ ದುಡಿಮೆಯ ಜೊತೆಗೆ ಜಮೀನ್ದಾರನ ಬಿಟ್ಟಿ ಚಾಕರಿಯನ್ನೂ ಮಾಡಬೇಕಾಗಿತ್ತು. 1838ರಲ್ಲಿ ಮರದ ದಿಮ್ಮಿ ಮೈಮೇಲೆ ಬಿದ್ದು ಅವರು ದುಡಿಯುವ ಶಕ್ತಿ ಕಳೆದುಕೊಂಡರು. ಮಗ ಇತರ ಹುಡುಗರಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡನು. ಓಲ್ಮುಟ್ಸ್ ಪಟ್ಟಣದಲ್ಲಿ ತತ್ವಶಾಸ್ತ್ರದ ವ್ಯಾಸಂಗ ನಿಲ್ಲುವ ಹಂತಕ್ಕೆ ಬಂದಾಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ತೆಗೆದಿರಿಸಿದ್ದ ಹಣದ ಒಂದು ಭಾಗವನ್ನು ಅಣ್ಣನಿಗೆ ಬಿಟ್ಟುಕೊಟ್ಟಳು.

1843ರಲ್ಲಿ ಅವರು ಬರ್ನೊ ನಗರದ ಸಂತ ತೋಮಸರ ಮಠವನ್ನು ಸೇರಿ ಗ್ರೆಗೋರ್ ಎಂಬ ಹೆಸರನ್ನು ಪಡೆದರು. ಅನ್ನದ ಚಿಂತೆಯೂ ತಮ್ಮನ್ನು ಮಠಕ್ಕೆ ಕರೆತಂದಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ; ದೈವಕರೆ ಬರುವ ದಾರಿಗಳು ಹಲವು. 1847ರಲ್ಲಿ ಗುರುದೀಕ್ಷೆಯಾಯಿತು. ಆದರೆ ರೋಗಿಗಳ ನರಳಾಟವನ್ನು ನೋಡಲಾರದೆ ಅವರೇ ಹಾಸಿಗೆ ಹಿಡಿದರು. ಮಠಾಧಿಪತಿ ಸಿರಿಲ್ ನಾಪ್ ಗದರಿಸಲಿಲ್ಲ. 1849ರಲ್ಲಿ ಅವರನ್ನು ಜ್ನೈಮ್ ಪಟ್ಟಣದ ಶಾಲೆಗೆ ಬದಲಿ ಶಿಕ್ಷಕರಾಗಿ ಕಳುಹಿಸಿದರು. ಅಲ್ಲಿ ಅವರ ಪಾಠ ಎಲ್ಲರಿಗೂ ಮೆಚ್ಚಿಗೆಯಾಯಿತು.

ಖಾಯಂ ಶಿಕ್ಷಕರಾಗಲು ಸರಕಾರಿ ಪರೀಕ್ಷೆ ಬೇಕಿತ್ತು. 1850ರಲ್ಲಿ ಪರೀಕ್ಷೆಗೆ ಕುಳಿತರು. ಭೌತಶಾಸ್ತ್ರದಲ್ಲಿ ಹೇಗೋ ಪಾರಾದರೂ ಸ್ತನಿಗಳ ವರ್ಗೀಕರಣದ ಪ್ರಶ್ನೆಯಲ್ಲಿ ಎಡವಿದರು. ಮಠಾಧಿಪತಿಗಳು ಅವರನ್ನು ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಡಾಪ್ಲರ್ ಅವರಿಂದ ಭೌತಶಾಸ್ತ್ರವನ್ನೂ ಉಂಗರ್ ಅವರಿಂದ ಸಸ್ಯಶಾಸ್ತ್ರವನ್ನೂ ಕಲಿತು 1853ರಲ್ಲಿ ಮರಳಿದರು. 1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಹೋದಾಗ ಅಸ್ವಸ್ಥರಾಗಿ ಬರಿಗೈಯಲ್ಲಿ ಹಿಂದಿರುಗಿದರು. ಬರ್ನೊ ನಗರದ ಶಾಲೆಯಲ್ಲಿ 1868ರವರೆಗೂ ಅವರು ಬದಲಿ ಶಿಕ್ಷಕರೇ.

ಪರೀಕ್ಷೆಗೆ ಎರಡನೆಯ ಸಲ ಕುಳಿತ ಆ ವರ್ಷವೇ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗ ಆರಂಭವಾಯಿತು. ಅರಳದ ಮೊಗ್ಗನ್ನು ಬಿಡಿಸಿ, ಚಿಮುಟದಿಂದ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ಲೇಪಿಸಿ, ಹೂವಿಗೆ ಚೀಲ ಕಟ್ಟುವುದು: ಎಂಟು ವರ್ಷ ಇದೇ ಕಾಯಕ. ತಂದೆತಾಯಿಯರ ಗುಣಗಳು ಎರಡು ಬಣ್ಣದ ನೀರಿನಂತೆ ಬೆರೆತುಹೋಗುತ್ತವೆಂದು ಆಗಿನ ಪಂಡಿತರಲ್ಲಿ ಬಹುಮಂದಿ ಭಾವಿಸಿದ್ದರು. ಮೆಂಡೆಲರು ಊಹಿಸುತ್ತಾ ಕುಳಿತುಕೊಳ್ಳದೆ ಎಣಿಸಿದರು. ದುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಸಂಕರ ಮಾಡಿದಾಗ ಮೊದಲ ತಲೆಮಾರಿನಲ್ಲಿ ಸುಕ್ಕು ಕಾಳು ಒಂದೂ ಕಾಣಿಸಲಿಲ್ಲ. ಅವನ್ನು ಬಿತ್ತಿ ಬೆಳೆದ 253 ಗಿಡಗಳು 7,324 ಕಾಳು ಕೊಟ್ಟವು. ಅವುಗಳಲ್ಲಿ 5,474 ದುಂಡು, 1,850 ಸುಕ್ಕು. ಮೂರಕ್ಕೆ ಒಂದು! ಅಳಿಯಿತೆಂದು ತೋರಿದ ಗುಣ ಮರೆಯಲ್ಲಿತ್ತು, ಅಷ್ಟೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ 3:1 ಎಂಬ ಅನುಪಾತದ ಹಿಂದೆ ಇಂತಹ ಎಣಿಕೆಯಿದೆ.

1865ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ನಗರದ ವಿಜ್ಞಾನ ಸಂಘದ ಮುಂದೆ ಈ ಪ್ರಬಂಧವನ್ನು ಓದಿದರು. ಮರುವರ್ಷ ಅದು ಅಚ್ಚಾಯಿತು. ಅದರ ತಿರುಳನ್ನು ಯಾರೂ ಗ್ರಹಿಸಲಿಲ್ಲ. ಮ್ಯೂನಿಕ್ ನಗರದ ಪ್ರಸಿದ್ಧ ಸಸ್ಯವಿಜ್ಞಾನಿ ನೇಗೆಲಿಯವರ ಒಲವಿನಂತೆ ಹಾಕ್‌ವೀಡ್ ಎಂಬ ಗಿಡದಲ್ಲೂ ದುಡಿದರು. ಆ ಗಿಡ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುವ ಜಾತಿಯೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ. ಕಣ್ಣು ದಣಿದವು, ನಿಯಮ ಹೊಂದಲಿಲ್ಲ.

1868ರಲ್ಲಿ ಮಠಾಧಿಪತಿಯಾದ ಮೇಲೆ ಮಠದ ತೆರಿಗೆಯ ವಿಚಾರವಾಗಿ ಸರಕಾರದೊಡನೆ ಹೋರಾಡುವುದರಲ್ಲಿಯೇ ಬಹುಕಾಲ ಸವೆಯಿತು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಕಣ್ಮುಚ್ಚಿದರು. ಮಠದವರು ಅವರ ಕಾಗದಪತ್ರಗಳನ್ನು ಸುಟ್ಟುಹಾಕಿದರು. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ತಮ್ಮ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸುವ ಹೊತ್ತಿಗೆ, 34 ವರ್ಷ ಹಿಂದೆಯೇ ಅಚ್ಚಾಗಿದ್ದ ಈ ಪ್ರಬಂಧ ಮತ್ತೆ ಬೆಳಕಿಗೆ ಬಂದಿತು.

ತಂಗಿ ತೆರೇಸಿಯಾಳ ಋಣವನ್ನು ಮಾತ್ರ ಅವರು ಬದುಕಿದ್ದಾಗಲೇ ತೀರಿಸಿದ್ದರು. ಆಕೆಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.