ವಿದ್ಯುತ್ಕೋಶದ ಜನಕ ಅಲೆಸ್ಸಾಂದ್ರೊ ವೋಲ್ಟಾ

ಇರುಳಿನಲ್ಲಿ ಟಾರ್ಚಿನ ಗುಂಡಿಯನ್ನು ಒತ್ತಿದೊಡನೆ ಬೆಳಕು ಹೊಮ್ಮುವುದು ಇಂದು ಮಕ್ಕಳಿಗೂ ವಿಸ್ಮಯವಲ್ಲ. ಆ ಬೆಳಕಿಗೆ ಆಧಾರವಾದ ವಿದ್ಯುತ್ಕೋಶವನ್ನು ಲೋಕಕ್ಕಿತ್ತ ಮಹನೀಯನು ಅಲೆಸ್ಸಾಂದ್ರೊ ವೋಲ್ಟಾ. ಇಟಲಿಯ ಕೋಮೋ ನಗರದಲ್ಲಿ 1745ರ ಫೆಬ್ರವರಿ 18ರಂದು ಜನಿಸಿದ ಈತನಿಗೆ ನಾಲ್ಕು ವರ್ಷಗಳಾಗುವವರೆಗೆ ಮಾತು ಬರಲಿಲ್ಲ; ಮನೆಯವರು ಮೂಗನೆಂದೇ ಚಿಂತಿಸಿದರು. ಅಂತಹ ಬಾಲಕನು ಮುಂದೆ ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿ ಕೀರ್ತಿವಂತನಾದನು.

ಎರಡು ಲೋಹಗಳು ಸೋಂಕಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಕಂಡ ಗ್ಯಾಲ್ವಾನಿ ಎಂಬ ವಿದ್ವಾಂಸನು, ಪ್ರಾಣಿದೇಹದಲ್ಲಿಯೇ ವಿದ್ಯುತ್ತಿದೆಯೆಂದು 1791ರಲ್ಲಿ ಪ್ರಕಟಿಸಿದನು. ವೋಲ್ಟಾ ಮೊದಲು ಇದನ್ನು ಒಪ್ಪಿದನಾದರೂ, ಸ್ವತಃ ಪ್ರಯೋಗಿಸಿ ನೋಡಿ, ಮೂಲವಿರುವುದು ಲೋಹಗಳಲ್ಲಿ ಎಂದು ನಿಶ್ಚಯಿಸಿದನು. ಬೆಳ್ಳಿ, ಸತು ಮತ್ತು ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ಬಿಲ್ಲೆಗಳನ್ನು ಒಂದರ ಮೇಲೊಂದರಂತೆ ಪೇರಿಸಿ ಎಡೆಬಿಡದ ವಿದ್ಯುತ್ಪ್ರವಾಹವನ್ನು ಪಡೆದನು. 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಇದನ್ನು ಬರೆದು ತಿಳಿಸಿದನು. ಮರುವರ್ಷ ಪ್ಯಾರಿಸಿನಲ್ಲಿ ನೆಪೋಲಿಯನ್ನನೇ ಆ ಪ್ರಯೋಗವನ್ನು ಕಂಡು ಮೆಚ್ಚಿದನು.

ಆದರೆ ಇಂತಹ ಧೀಮಂತನೂ ಒಂದೆಡೆ ಎಡವಿದನು. ಲೋಹಗಳ ಸ್ಪರ್ಶಮಾತ್ರದಿಂದ ವಿದ್ಯುತ್ತು ಹುಟ್ಟುವುದೆಂದೂ, ಅದಕ್ಕೆ ಕ್ಷಯವಿಲ್ಲವೆಂದೂ ಆತನು ನಂಬಿದನು. ಆತನ ಯಂತ್ರದಲ್ಲಿಯೇ ರಟ್ಟು ಒಣಗಿ ಪ್ರವಾಹ ಕುಂದುತ್ತಿತ್ತು, ಸತು ಸವೆಯುತ್ತಿತ್ತು. ಆ ಸವೆತವನ್ನು ಆತನು ಆನುಷಂಗಿಕವೆಂದೇ ಎಣಿಸಿದನು. ಸತುವಿನ ರಾಸಾಯನಿಕ ಪರಿವರ್ತನೆಯೇ ಶಕ್ತಿಯ ಮೂಲವೆಂಬುದನ್ನು ಡೇವಿ, ಫ್ಯಾರಡೆ ಮೊದಲಾದವರು ಬಳಿಕ ಸ್ಥಾಪಿಸಿದರು.

ನಮ್ಮ ಮನೆಯ ಸೆಲ್ಲು ಮುಗಿದುದನ್ನು ಅರಿಯುವ ಬಗೆಯೂ ಈ ತತ್ತ್ವದಿಂದಲೇ ಸ್ಪಷ್ಟವಾಗುತ್ತದೆ. ಹೊಸ ಸೆಲ್ಲಿನ ಒತ್ತಡ ಸುಮಾರು 1.5 ವೋಲ್ಟು. ಸವೆದ ಸೆಲ್ಲು ಸುಮ್ಮನಿದ್ದಾಗ ಚೆನ್ನಾಗಿರುವಂತೆ ತೋರಿ, ದುಡಿಯುವಾಗ ಸೋಲುತ್ತದೆ. ಆದುದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ವಿಶ್ರಾಂತಿಯ ಬಳಿಕ ಕ್ಷಣಕಾಲ ಬೆಳಗಿ ಮತ್ತೆ ಮಂಕಾದರೆ ಅದರ ಕಾಲ ಸಮೀಪಿಸಿತೆಂದು ತಿಳಿಯಬೇಕು. ಟಾರ್ಚಿಗೆ ಸಾಲದ ಸೆಲ್ಲು ಅಲ್ಪಶಕ್ತಿಯನ್ನು ಬೇಡುವ ಗೋಡೆಗಡಿಯಾರವನ್ನು ಕೆಲಕಾಲ ನಡೆಸಬಲ್ಲುದು. ಹಳತು ಹೊಸತುಗಳನ್ನು ಜೊತೆಗೂಡಿಸಬಾರದು. ಸಾಮಾನ್ಯ ಸೆಲ್ಲಿನಲ್ಲಿ ಸತುವೇ ಡಬ್ಬಿಯಾದುದರಿಂದ, ಅದು ತೂತಾಗಿ ದ್ರವವೊಸರಿ ಉಪಕರಣ ಕೆಡುವ ಮುನ್ನ ತೆಗೆದುಬಿಡಬೇಕು.

ವೋಲ್ಟಾ 1827ರ ಮಾರ್ಚ್ 5ರಂದು ಕೋಮೋದಲ್ಲಿಯೇ ಕಾಲವಾದನು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ವತ್ಸಮ್ಮೇಳನವು ವಿದ್ಯುದೊತ್ತಡದ ಮಾನಕ್ಕೆ ಆತನ ಹೆಸರನ್ನೇ ಇತ್ತಿತು. ಆತನ ಊಹೆ ಅಳಿಯಿತು, ಪ್ರಯೋಗ ಉಳಿಯಿತು. ತಾನು ಸವೆಯದೆ ಬೆಳಕನ್ನೀಯುವ ವಸ್ತುವಿಲ್ಲವೆಂಬುದನ್ನು ಆತನ ಕೋಶವು ಇಂದಿಗೂ ನಮ್ಮ ಕೈಯಲ್ಲಿದ್ದು ಬೋಧಿಸುತ್ತಿದೆ.